ಅಂಗಡಿ ಜಗಲಿಯಿಂದ: ತಣ್ಣಗಾದರೆ ಸರಿಹೋಗುವ ರೋಗ



ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಲೆಕ್ಕ, ಉದ್ದರಿ, ತೂಕ, ತಕ್ಕಡಿ ಇಂಥ ಅಂಗಡಿಯ ವಿಷಯಗಳನ್ನೇ ಬರೆಯುತ್ತ ಬಂದವರು. ಈ ಸಲ ಕಾರಿನ ವಿಷಯ. ವರ್ತಕರಾದ ನಮ್ಮವರ ಮನೆಗಳಲ್ಲಿ ಈಗ ಕಾರು ಇಲ್ಲದ ಮನೆ ಕಡಿಮೆ. ಆದರೆ ಅದರ ಬಾನೆಟ್ಟಿನ ಕೆಳಗೆ ಏನಿದೆ ಎಂದು ತಿಳಿದವರು ಅದಕ್ಕಿಂತ ಕಡಿಮೆ. ಹುಣಸೆಹಣ್ಣನ್ನು ಕೈಯಲ್ಲಿ ಹಿಡಿದ ಕೂಡಲೆ ಯಾವ ಊರಿನದು, ಎಷ್ಟು ತಿಂಗಳಿನದು ಎಂದು ಹೇಳಬಲ್ಲ ನಾವೇ ಗ್ಯಾರೇಜಿನವರು ಹೇಳಿದ ಬಿಲ್ಲಿಗೆ ಸುಮ್ಮನೆ ಹಣ ಕೊಟ್ಟು ಬರುತ್ತೇವೆ. ಹಣ ಹೋದರೆ ಹೋಗಲಿ ಎನ್ನಬಹುದು. ನಮ್ಮ ವಿಷಯದಲ್ಲಿ ಹಣದ ಜೊತೆಗೆ ಇನ್ನೊಂದೂ ಹೋಯಿತು. ಅದನ್ನು ಮುಚ್ಚಿಡದೆ ಬರೆಯುತ್ತೇವೆ.

ನಮ್ಮದು ೨೦೧೨ರ ಮಾದರಿಯ ಪೆಟ್ರೋಲ್ ಕಾರು. ಧರ್ಮಪುರಿ ೧೯೬೫ರ ಅಕ್ಟೋಬರ್ ೨ರಂದು ಸೇಲಂನಿಂದ ಬೇರೆ ಜಿಲ್ಲೆಯಾಯಿತು, ಆದರೆ ವ್ಯಾಪಾರದ ಮಟ್ಟಿಗೆ ಇಂದಿಗೂ ನಮಗೆ ಸೇಲಂ ಬಿಟ್ಟು ಗತಿಯಿಲ್ಲ. ವಾರಕ್ಕೊಮ್ಮೆಯಾದರೂ ಲೀ ಬಜಾರಿಗೋ ಶೆವ್ವಾಪೇಟೆಗೋ ಹೋಗಿ ಬರಲೇಬೇಕು. ನಡುವೆ ತೊಪ್ಪೂರು ಘಾಟಿ. ಮೊದಲು ಏಳನೆಯ ನಂಬರಾಗಿದ್ದು ಈಗ ನಲವತ್ತನಾಲ್ಕನೆಯ ನಂಬರಾಗಿರುವ ರಾಷ್ಟ್ರೀಯ ಹೆದ್ದಾರಿ ಅಲ್ಲಿ ಧರ್ಮಪುರಿಯ ಎತ್ತರದಿಂದ ಸೇಲಂನ ತಗ್ಗಿಗೆ ಇಳಿಯುತ್ತದೆ. ಡೀಸೆಲ್ ಉಳಿಸಲೆಂದು ಕೆಲವು ಲಾರಿಯವರು ಗೇರು ತಪ್ಪಿಸಿ ಆ ಇಳಿಜಾರಿನಲ್ಲಿ ಬರುವುದೂ, ಬ್ರೇಕು ಕಾಯ್ದು ಹಿಡಿಯದೆ ಮುಂದಿನ ಗಾಡಿಗಳ ಮೇಲೆ ಹೋಗುವುದೂ ಈ ಕಡೆಯವರಿಗೆಲ್ಲ ಗೊತ್ತು.

೨೦೨೩ರ ಏಪ್ರಿಲ್ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಸೇಲಂನಿಂದ ಹಿಂದಿರುಗುತ್ತ ಘಾಟಿ ಹತ್ತುತ್ತಿದ್ದೆವು. ಕಾರು ಕೆಮ್ಮಲಿಲ್ಲ, ಜಗ್ಗಲಿಲ್ಲ. ಫ್ಯಾನಿನ ಸ್ವಿಚ್ಚು ಆರಿಸಿದಂತೆ ಇಂಜಿನ್ ನಿಂತುಹೋಯಿತು. ಡ್ರೈವರ್ ಇದ್ದ ಓಟದಲ್ಲೇ ಬದಿಗೆ ತಂದು ನಿಲ್ಲಿಸಿದ. ಕೀಲಿ ತಿರುಗಿಸಿದರೆ ಸ್ಟಾರ್ಟರ್ ಚೆನ್ನಾಗಿಯೇ ತಿರುಗುತ್ತದೆ, ಇಂಜಿನ್ ಮಾತ್ರ ಹತ್ತಿಕೊಳ್ಳದು. ನಾಲ್ಕೈದು ಸಲ ನೋಡಿ ಅವನು, “ಮೊದಲಾಳಿ, ಸ್ಟಾರ್ಟರ್ ತಿರುಗುತ್ತಿದೆ, ಆದರೆ ಈ ಸೂಜಿ ಏಳುತ್ತಲೇ ಇಲ್ಲ” ಎಂದ. ಇಂಜಿನ್ನಿನ ಸುತ್ತು ತೋರಿಸುವ ಮೀಟರಿನ ಸೂಜಿ. ಆ ಮಾತನ್ನು ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. ಬಾನೆಟ್ ತೆಗೆದು ಅರ್ಧ ಗಂಟೆ ಬಿಟ್ಟ ಮೇಲೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಯಿತು.

ನಮಗೆ ಆಗಲೇ ತೀರ್ಮಾನವಾಗಿತ್ತು: ಇದು ಪೆಟ್ರೋಲಿನ ತೊಂದರೆ. ಏಕೆಂದರೆ ನಮ್ಮ ಹಿರಿಯರ ಕಾಲದಿಂದ ಇದ್ದುದು ಅಂಬಾಸಡರ್ ಕಾರು. ಬೇಸಿಗೆಯಲ್ಲಿ ಘಾಟಿ ಹತ್ತುವಾಗ ಅದೂ ಹೀಗೆಯೇ ನಿಲ್ಲುತ್ತಿತ್ತು. ಇಂಜಿನ್ನಿನ ಕಾವಿಗೆ ಪೆಟ್ರೋಲ್ ಪಂಪಿನಲ್ಲೇ ಆವಿಯಾಗಿ ಮುಂದೆ ಹೋಗುತ್ತಿರಲಿಲ್ಲ. ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಕಾದರೆ ಹೊರಡುತ್ತಿತ್ತು. ಆ ಕಾರು ತಯಾರಾಗುವುದು ೨೦೧೪ರಲ್ಲೇ ನಿಂತುಹೋಯಿತು, ನಮ್ಮ ತಲೆಯಲ್ಲಿ ಮಾತ್ರ ಅದು ಇನ್ನೂ ಓಡುತ್ತಿತ್ತು! ಈಗಿನ ಕಾರುಗಳಲ್ಲಿ ಪೆಟ್ರೋಲ್ ಪಂಪು ಟ್ಯಾಂಕಿನೊಳಗೆ ಮುಳುಗಿರುತ್ತದೆ, ಒತ್ತಡವೂ ಬಹಳ ಹೆಚ್ಚು. ಹಳೆಯ ರೋಗ ಅಲ್ಲಿಗೆ ಸುಲಭವಾಗಿ ಬರುವಂಥದಲ್ಲ.

ಊರಿನ ಒಂದು ಗ್ಯಾರೇಜಿಗೆ ಒಯ್ದೆವು. ಅವರು ಕಂಪ್ಯೂಟರ್ ಹಾಕಿ ನೋಡಿದರು. ಕಾರಿನ ನೆನಪಿನಲ್ಲಿ ಯಾವ ದೋಷವೂ ದಾಖಲಾಗಿಲ್ಲ ಎಂದರು. ಎರಡು ದಿನ ಅಲ್ಲೇ ಬಿಟ್ಟಿದ್ದೆವು. ಎರಡನೆಯ ದಿನ ಅವರ ಬಾಗಿಲಲ್ಲೇ ಒಮ್ಮೆ ನಿಂತಿತಂತೆ. ಸ್ಟಾರ್ಟರ್ ಹೊಡೆಯುತ್ತ ಪೆಟ್ರೋಲ್ ಪೈಪನ್ನು ನೋಡಿದರೆ ಪೆಟ್ರೋಲ್ ಬರುತ್ತಿರಲಿಲ್ಲವಂತೆ. ಪಂಪು ಹೋಗಿದೆ ಎಂದು ಹೊಸದು ಹಾಕಿದರು. ಕೂಲಿ ಸೇರಿ ಹನ್ನೊಂದು ಸಾವಿರ. ಮೇ ತಿಂಗಳಲ್ಲಿ ಓಮಲೂರಿನ ಹತ್ತಿರ ಮತ್ತೆ ನಿಂತಿತು. ಪುನಃ ಒಯ್ದಾಗ ಅಲ್ಲಿದ್ದವರೊಬ್ಬರು ಒಂದು ಮಾತು ಆಡಿದರು: “ನಿಮ್ಮ ಡ್ರೈವರ್ ಪೆಟ್ರೋಲ್ ಎಲ್ಲಿ ಹಾಕಿಸುತ್ತಾನೆ? ಒಳ್ಳೆಯ ಬಂಕಿನಲ್ಲೇ ಹಾಕಿಸುತ್ತಾನೆಯೇ?”

ಮಾತು ಅಷ್ಟೇ. ಆದರೆ ಹಾಲಿಗೆ ಹುಳಿ ಬಿದ್ದ ಹಾಗಾಯಿತು. ಆ ರಾತ್ರಿ ಕುಳಿತು ಮೂರು ತಿಂಗಳ ಪೆಟ್ರೋಲ್ ಬಿಲ್ಲುಗಳನ್ನು ಜೋಡಿಸಿದೆವು. ಎರಡು ಬಿಲ್ಲು ಸಿಕ್ಕಲಿಲ್ಲ. ಹದಿನಾಲ್ಕು ವರ್ಷ ನಮ್ಮಲ್ಲಿದ್ದವನು. ನಮ್ಮ ತಾಯಿಯವರ ಕೊನೆಯ ದಿನಗಳಲ್ಲಿ ನಡುರಾತ್ರಿ ಎಷ್ಟು ಸಲ ಆಸ್ಪತ್ರೆಗೆ ಕರೆದೊಯ್ದನೋ ಲೆಕ್ಕವಿಲ್ಲ. ಮರುದಿನ ಗದ್ದುಗೆಯ ಮುಂದೆ, ಗುಮಾಸ್ತರ ಎದುರಿಗೇ, “ಈ ಎರಡು ಬಿಲ್ಲು ಎಲ್ಲಿ? ಆ ದಿನ ಯಾವ ಪೆಟ್ರೋಲ್ ಹಾಕಿಸಿದೆ?” ಎಂದು ಕೇಳಿದೆವು. ಅವನು ನಮ್ಮ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಕೀಲಿಯನ್ನು ಗದ್ದುಗೆಯ ಮೇಲಿಟ್ಟು ಹೊರಟುಹೋದ. ಹೋಗು ಎಂದು ನಾವು ಹೇಳಲಿಲ್ಲ. ಇರು ಎಂದೂ ಹೇಳಲಿಲ್ಲ.

ಆಮೇಲೆ ನಮ್ಮ ಮಗನೇ ಕಾರು ನಡೆಸತೊಡಗಿದ. ಪೆಟ್ರೋಲನ್ನು ತಾನೇ ನಿಂತು, ಹೆಸರಾದ ಬಂಕಿನಲ್ಲಿ, ಬಿಲ್ಲಿನ ಸಮೇತ ಹಾಕಿಸುತ್ತಿದ್ದ. ಜುಲೈ ತಿಂಗಳಲ್ಲಿ ಸೇಲಂನ ನೆಂಟರ ಮನೆಯ ಶುಭಕಾರ್ಯಕ್ಕೆಂದು ಸಂಜೆ ಹೊರಟೆವು. ನಮ್ಮ ಮನೆಯವರಿಗೆ ಅಂದು ಏಕಾಶನ. ಸೂರ್ಯಾಸ್ತಕ್ಕೆ ಮುಂಚೆ ತಲುಪಿ ನೀರು ಕುಡಿದರಾಯಿತು ಎಂಬ ಲೆಕ್ಕ. ಹಿಂದಿನ ಸೀಟಿನಲ್ಲಿ ಅವರು ಮತ್ತು ಎಂಟು ವರ್ಷದ ಮೊಮ್ಮಗಳು. ತೊಪ್ಪೂರು ಘಾಟಿಯ ಇಳಿಜಾರಿನಲ್ಲಿ, ಹಿಂದೆ ಒಂದು ದೊಡ್ಡ ಲಾರಿ ಬರುತ್ತಿರುವಾಗ, ಇಂಜಿನ್ ಆರಿತು.

ಹತ್ತುವಾಗ ನಿಲ್ಲುವುದು ಬೇರೆ, ಇಳಿಯುವಾಗ ನಿಲ್ಲುವುದು ಬೇರೆ. ಮಗ ಗಾಬರಿಯಲ್ಲಿ ಕ್ಲಚ್ ಒತ್ತಿದ. ಸ್ಟಿಯರಿಂಗ್ ಕಲ್ಲಿನಂತಾಯಿತು. ಬ್ರೇಕನ್ನು ಎರಡು ಸಲ ಒತ್ತಿ ಬಿಟ್ಟ, ಮೂರನೆಯ ಸಲ ಪೆಡಲು ಇಳಿಯಲೇ ಇಲ್ಲ. ಲಾರಿಯವನು ಹಾರ್ನ್ ಹೊಡೆಯುತ್ತ ಬಲಕ್ಕೆ ತಿರುಗಿಸಿಕೊಂಡು, ಕೂದಲೆಳೆಯ ಅಂತರದಲ್ಲಿ ಹೋದ. ಮಗ ಎರಡೂ ಕಾಲು ಸೇರಿಸಿ ಬ್ರೇಕು ತುಳಿದು, ಸ್ಟಿಯರಿಂಗನ್ನು ಮೈಭಾರ ಹಾಕಿ ಎಳೆದು ಬದಿಗೆ ತಂದ. ನಿಂತ ಮೇಲೆ ಐದು ನಿಮಿಷ ಯಾರೂ ಮಾತಾಡಲಿಲ್ಲ. ಮನೆಯವರು ಣಮೋಕಾರ ಹೇಳುತ್ತಿದ್ದುದೊಂದೇ ಕೇಳಿಸುತ್ತಿತ್ತು.

ಇಲ್ಲಿ ಒಂದು ವಿಷಯ ಬರೆಯದೆ ಮುಂದೆ ಹೋಗಲಾರೆವು, ನಿಮ್ಮ ಮಕ್ಕಳಿಗೂ ಓದಿ ಹೇಳಿ. ಬ್ರೇಕು ಹಗುರಾಗಿ ಕೆಲಸ ಮಾಡುವುದು ಇಂಜಿನ್ ಗಾಳಿಯನ್ನು ಎಳೆದುಕೊಳ್ಳುವ ಬಲದಿಂದ. ಇಂಜಿನ್ ತಿರುಗುವುದು ನಿಂತ ಮೇಲೆ ಆ ಬಲ ಒಂದೆರಡು ಸಲದ ಒತ್ತುವಿಕೆಗೆ ಮಾತ್ರ ಉಳಿದಿರುತ್ತದೆ. ಆದುದರಿಂದ ಒತ್ತಿ ಒತ್ತಿ ಬಿಡಬಾರದು. ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಇಳಿಜಾರಿನಲ್ಲಿ ಇಂಜಿನ್ ಆರಿದರೆ ಕೂಡಲೆ ಕ್ಲಚ್ ಒತ್ತುವುದೂ ಬೇಡ. ಗೇರಿನಲ್ಲಿದ್ದರೆ ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತಿರುತ್ತವೆ, ಕಾರಿಗೆ ಹಿಡಿತ ಇರುತ್ತದೆ. ಕಾರು ಓಡುತ್ತಿರುವಾಗ ಕೀಲಿಯನ್ನಂತೂ ತೆಗೆಯಲೇಬಾರದು, ಸ್ಟಿಯರಿಂಗ್ ಬೀಗ ಬೀಳುತ್ತದೆ. ಬ್ರೇಕು ಗಟ್ಟಿಯಾದರೂ ಸತ್ತಿರುವುದಿಲ್ಲ, ಬಹಳ ಬಲ ಹಾಕಿದರೆ ಹಿಡಿಯುತ್ತದೆ.

ಕಾರು ತಣ್ಣಗಾಗಲು ಮುಕ್ಕಾಲು ಗಂಟೆ ಹಿಡಿಯಿತು. ಹೆದರಿದ ಮಗುವನ್ನು ರಸ್ತೆಯಿಂದ ದೂರ ಕೂರಿಸಿಕೊಂಡು ನಮ್ಮೂರಿನ ಕಥೆ ಹೇಳುತ್ತಿದ್ದೆವು. ಧರ್ಮಪುರಿಯ ಹಳೆಯ ಹೆಸರು ತಗಡೂರು. ನೊಳಂಬ ಮಹೇಂದ್ರನ ಕಾಲದಲ್ಲಿ, ಶಕವರ್ಷ ೮೧೫ರಲ್ಲಿ, ನಿಧಿಯಣ್ಣ ಚಂದಿಯಣ್ಣ ಎಂಬ ಇಬ್ಬರು ಶೆಟ್ಟಿಯ ಮಕ್ಕಳು ಅಲ್ಲಿ ಬಸದಿ ಕಟ್ಟಿಸಿದರೆಂದು ಕನ್ನಡ ಶಾಸನವಿದೆ. “ಅವರಿಗೆ ಕಾರು ಇತ್ತೇ?” ಎಂದಳು. ಇರಲಿಲ್ಲವಮ್ಮ, ಎತ್ತಿನ ಗಾಡಿ ಇದ್ದಿರಬೇಕು ಎಂದೆವು. ಸೇಲಂ ತಲುಪಿದಾಗ ದೀಪ ಹಚ್ಚಿದ್ದರು. ನಮ್ಮ ಮನೆಯವರು ಆ ರಾತ್ರಿ ನೀರನ್ನೂ ಮುಟ್ಟದೆ ಮಲಗಿದರು. ನಮಗೂ ನಿದ್ದೆ ಬರಲಿಲ್ಲ. ಪೆಟ್ರೋಲ್ ಒಳ್ಳೆಯದು, ಬಿಲ್ಲು ಇದೆ, ಪಂಪು ಹೊಸದು, ಡ್ರೈವರ್ ಇಲ್ಲ. ಆದರೂ ಕಾರು ನಿಂತಿದೆ.

ನೆಂಟರು ಸಂಕಗಿರಿಯ ಒಬ್ಬ ವೃದ್ಧ ಆಟೋ ಎಲೆಕ್ಟ್ರಿಷಿಯನ್ನರ ವಿಷಯ ಹೇಳಿದರು. ಸಂಕಗಿರಿ ಲಾರಿ ಮಾಲಿಕರ ಊರು, ಅಲ್ಲಿ ಕೈ ಪಳಗಿದವರು ಇರುತ್ತಾರೆ. ಮರುದಿನ ಬೆಳಿಗ್ಗೆಯೇ ಹೋದೆವು. ಎಪ್ಪತ್ತರ ಆಸುಪಾಸಿನವರು, ತಗಡಿನ ಷೆಡ್ಡು, ಕಾಲಿಗೆ ಚಪ್ಪಲಿಯೂ ಇಲ್ಲ. ಅವರು ಬಾನೆಟ್ ತೆಗೆಯಲಿಲ್ಲ. ಸ್ಟೂಲು ಹಾಕಿ ಕೂರಿಸಿ ಮೂರು ಪ್ರಶ್ನೆ ಕೇಳಿದರು.

ನಿಲ್ಲುವಾಗ ಜಗ್ಗಿ ಜಗ್ಗಿ ನಿಲ್ಲುತ್ತದೆಯೋ, ಒಂದೇ ಏಟಿಗೆ ನಿಲ್ಲುತ್ತದೆಯೋ? ಪೆಟ್ರೋಲ್ ತೀರುವ ಕಾರು ಸಾಮಾನ್ಯವಾಗಿ ಹಸಿದವನಂತೆ ತಡವರಿಸಿ ನಿಲ್ಲುತ್ತದಂತೆ. ನಮ್ಮದು ಒಂದೇ ಏಟಿಗೆ ಎಂದೆವು. ಎರಡನೆಯದು, ನಿಂತ ಮೇಲೆ ಕೀಲಿಯನ್ನು ಅರ್ಧ ತಿರುಗಿಸಿದಾಗ ಹಿಂದಿನ ಸೀಟಿನ ಕೆಳಗೆ ಎರಡು ಸೆಕೆಂಡು ಗುಂಯ್ ಎನ್ನುವ ಶಬ್ದ ಇತ್ತೇ? ನಾವು ಅಪ್ಪ ಮಗ ಮುಖ ಮುಖ ನೋಡಿಕೊಂಡೆವು. “ಇತ್ತು, ಪ್ರತಿ ಸಲವೂ ಬಂತು” ಎಂದು ಮೊಮ್ಮಗಳು ಹೇಳಿದಳು. ಅವಳಲ್ಲವೇ ಆ ಸೀಟಿನ ಮೇಲೆ ಕುಳಿತಿದ್ದವಳು! ಮೂರನೆಯದು, ಸ್ಟಾರ್ಟರ್ ಹೊಡೆಯುವಾಗ ಸುತ್ತಿನ ಮೀಟರಿನ ಸೂಜಿ ಸ್ವಲ್ಪವಾದರೂ ಏಳುತ್ತಿತ್ತೇ?

ಮಗ ನೋಡಿಲ್ಲ ಎಂದ. ನಮಗೆ ಏಪ್ರಿಲ್ ತಿಂಗಳ ಘಾಟಿ ನೆನಪಾಯಿತು. ಡ್ರೈವರ್ ಹೇಳಿದ್ದ ಮಾತು ಅಕ್ಷರಶಃ ನೆನಪಾಯಿತು. “ಏಳುತ್ತಿರಲಿಲ್ಲ” ಎಂದೆವು. ನಮ್ಮ ಧ್ವನಿ ನಮಗೇ ಬೇರೆಯಾಗಿ ಕೇಳಿಸಿತು.

“ಹಾಗಾದರೆ ಕ್ರ್ಯಾಂಕ್ ಸೆನ್ಸಾರನ್ನು ಕೇಳಿ ನೋಡಬೇಕು” ಎಂದು ಅವರು ಎದ್ದರು.

ಅವರು ವಿವರಿಸಿದ್ದನ್ನು ನಮಗೆ ತಿಳಿದ ಮಟ್ಟಿಗೆ ಬರೆಯುತ್ತೇವೆ. ಇಂಜಿನ್ನಿನೊಳಗೆ ಪಿಸ್ಟನ್ನುಗಳು ಮೇಲೆ ಕೆಳಗೆ ಆಡುತ್ತವೆ. ಆ ಆಟವನ್ನು ತಿರುಗುವಿಕೆಯಾಗಿ ಮಾಡುವ ಬಾಗುಬಾಗಾದ ಉಕ್ಕಿನ ದಂಡವೇ ಕ್ರ್ಯಾಂಕ್ ಶಾಫ್ಟ್. ಯಾವ ಗಳಿಗೆಯಲ್ಲಿ ಪೆಟ್ರೋಲ್ ಸಿಂಪಡಿಸಬೇಕು, ಯಾವ ಗಳಿಗೆಯಲ್ಲಿ ಪ್ಲಗ್ಗಿಗೆ ಕಿಡಿ ಕೊಡಬೇಕು ಎಂಬುದೆಲ್ಲ ಈ ದಂಡ ಎಲ್ಲಿಗೆ ತಿರುಗಿದೆ ಎಂಬುದರ ಮೇಲೆ ನಿಂತಿದೆ. ಅಂಬಾಸಡರಿನಲ್ಲಿ ಆ ಕೆಲಸವನ್ನು ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟು ಮಾಡುತ್ತಿತ್ತು, ಮರಳುಕಾಗದದಲ್ಲಿ ಉಜ್ಜಿ ಸರಿಮಾಡುತ್ತಿದ್ದೆವು. ಈಗ ಅದನ್ನು ನೋಡಿಕೊಳ್ಳುವುದು ಒಂದು ಕಂಪ್ಯೂಟರ್ ಪೆಟ್ಟಿಗೆ. ಆ ಪೆಟ್ಟಿಗೆಗೆ ಕಣ್ಣಿಲ್ಲ. ದಂಡದ ಸುದ್ದಿಯನ್ನು ಅದಕ್ಕೆ ಮುಟ್ಟಿಸುವುದೇ ಹೆಬ್ಬೆರಳಿನಷ್ಟು ದೊಡ್ಡದಾದ ಈ ಸೆನ್ಸಾರ್.

ಅದು ಎಣಿಸುವ ರೀತಿ ನಮಗೆ ಬಹಳ ಹಿಡಿಸಿತು. ದಂಡದ ಜೊತೆಗೆ ತಿರುಗುವ ಒಂದು ಹಲ್ಲಿನ ಚಕ್ರ ಇರುತ್ತದೆ. ಅನೇಕ ಕಾರುಗಳಲ್ಲಿ ಅದು ಅರವತ್ತು ಹಲ್ಲಿನ ಲೆಕ್ಕದ್ದು, ಆದರೆ ಬೇಕೆಂದೇ ಎರಡು ಹಲ್ಲು ಬಿಟ್ಟು ಐವತ್ತೆಂಟು ಮಾಡಿರುತ್ತಾರೆ. ಪ್ರತಿ ಹಲ್ಲು ಎದುರಿಗೆ ಹಾದುಹೋದಾಗ ಸೆನ್ಸಾರಿನಲ್ಲಿ ಒಂದು ಸಣ್ಣ ವಿದ್ಯುತ್ ಮಿಡಿತ ಹುಟ್ಟುತ್ತದೆ. ಹಲ್ಲಿಲ್ಲದ ಜಾಗ ಬಂದಾಗ ಮಿಡಿತ ತಪ್ಪುತ್ತದೆ, ಪೆಟ್ಟಿಗೆಗೆ ಒಂದು ಸುತ್ತು ಮುಗಿಯಿತೆಂದು ತಿಳಿಯುತ್ತದೆ. ಜಪಮಾಲೆಯಲ್ಲಿ ಕಣ್ಣು ಮುಚ್ಚಿ ಎಣಿಸುತ್ತಿದ್ದರೂ ಮೇರುಮಣಿ ಬೆರಳಿಗೆ ತಗುಲಿದಾಗ ಸುತ್ತು ಮುಗಿದದ್ದು ತಿಳಿಯುವುದಿಲ್ಲವೇ, ಹಾಗೆ. ಇಲ್ಲಿ ಮಣಿ ಇಲ್ಲದಿರುವುದೇ ಮೇರು.

ಈ ಎಣಿಕೆ ನಿಂತರೆ ಪೆಟ್ಟಿಗೆ ಏನು ತಿಳಿಯುತ್ತದೆ? ಇಂಜಿನ್ ನಿಂತಿದೆ ಎಂದು ತಿಳಿಯುತ್ತದೆ. ನಿಂತ ಇಂಜಿನ್ನಿಗೆ ಕಿಡಿ ಏಕೆ, ಪೆಟ್ರೋಲ್ ಏಕೆ? ಎರಡನ್ನೂ ನಿಲ್ಲಿಸುತ್ತದೆ. ಬೆಂಕಿ ಬೀಳದಿರಲೆಂದು ಪೆಟ್ರೋಲ್ ಪಂಪನ್ನೂ ಆರಿಸುತ್ತದೆ. ಕೀಲಿ ತಿರುಗಿಸಿದಾಗ ಮೊದಲ ಎರಡು ಸೆಕೆಂಡು ಪಂಪು ತಾನಾಗಿ ಓಡುತ್ತದೆ, ಆಮೇಲೆ ದಂಡ ತಿರುಗುವ ಸುದ್ದಿ ಬಂದರೆ ಮಾತ್ರ ಓಡುತ್ತದೆ. ನಮ್ಮೂರಿನ ಗ್ಯಾರೇಜಿನವರು ಮೋಸ ಹೋದದ್ದು ಇಲ್ಲೇ. ಸ್ಟಾರ್ಟರ್ ಹೊಡೆಯುವಾಗ ಪೆಟ್ರೋಲ್ ಬರಲಿಲ್ಲ ಎಂದು ಅವರು ನೋಡಿದ್ದು ಸುಳ್ಳಲ್ಲ. ಆದರೆ ಪಂಪು ಸತ್ತಿರಲಿಲ್ಲ, ಅದಕ್ಕೆ ಅಪ್ಪಣೆ ಬಂದಿರಲಿಲ್ಲ. ಕಂಪ್ಯೂಟರಿನಲ್ಲಿ ದೋಷ ದಾಖಲಾಗದಿದ್ದುದಕ್ಕೂ ಇದೇ ಕಾರಣವಿರಬಹುದು. ಸೆನ್ಸಾರ್ ಪೂರ್ತಿ ಸತ್ತರೆ ಸಾಮಾನ್ಯವಾಗಿ ಪಿ ೦೩೩೫ ಎಂಬ ಸಂಕೇತ ಬರುತ್ತದೆ. ಆದರೆ ಆಗಾಗ ಮೌನವಾಗುವ ಸೆನ್ಸಾರನ್ನು ಪೆಟ್ಟಿಗೆ ಎಷ್ಟೋ ಸಲ ಗುರುತಿಸುವುದಿಲ್ಲ. ಮಾಲಿಕ ತಾನೇ ಇಂಜಿನ್ ಆರಿಸಿದನೆಂದು ನಂಬಿ ಸುಮ್ಮನಿರುತ್ತದೆ. ದೋಷ ಬರೆದಿಲ್ಲ ಎಂದರೆ ದೋಷವಿಲ್ಲ ಎಂದಲ್ಲ. ವಹಿಯಲ್ಲಿ ಬರೆಯದ ಸಾಲವೂ ಸಾಲವೇ ತಾನೆ.

ಇನ್ನು ಬಿಸಿಯ ವಿಷಯ. ನಮ್ಮ ಕಾರಿನದು ಎರಡು ತಂತಿಯ ಸೆನ್ಸಾರ್. ಅದರೊಳಗೆ ಒಂದು ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿಯ ಸುರುಳಿ. ವರ್ಷಗಟ್ಟಲೆ ಕಾದು ತಣಿದು ತಂತಿಯಲ್ಲಿ ಎಲ್ಲೋ ಒಂದು ಕಡೆ ಬಿರುಕು ಬಿಡುತ್ತದೆ. ತಣ್ಣಗಿದ್ದಾಗ ಎರಡು ತುದಿಯೂ ತಾಗಿಕೊಂಡಿರುತ್ತವೆ, ಕಾದಾಗ ಹಿಗ್ಗಿ ಬಿಟ್ಟುಕೊಳ್ಳುತ್ತವೆ. ಆದುದರಿಂದ ತಣ್ಣಗಿರುವಾಗ ಪರೀಕ್ಷಿಸಿದರೆ ಅದು ನಿರ್ದೋಷಿ. ಡಾಕ್ಟರ ಮನೆಗೆ ಹೋಗುವಷ್ಟರಲ್ಲಿ ಇಳಿದುಹೋಗುವ ಜ್ವರದ ಹಾಗೆ. ಹಿಂದೆ ಅಂಬಾಸಡರಿನ ಕಂಡೆನ್ಸರೂ ಇದೇ ಆಟ ಆಡುತ್ತಿತ್ತು ಎಂದು ಅವರು ನಕ್ಕರು.

ಅವರು ಮಾಡಿದ ಪರೀಕ್ಷೆ ಹೀಗೆ. ಮೊದಲು ಸೆನ್ಸಾರಿನ ಪ್ಲಗ್ಗು ಬಿಚ್ಚಿ ಸಾಧಾರಣ ಮಲ್ಟಿಮೀಟರಿನಿಂದ ಓಮ್ ಅಳೆದರು. ಎಂಟುನೂರ ಚಿಲ್ಲರೆ ಬಂತು. ಆ ಕಾರಿಗೆ ಅದು ಸರಿಯಾದ ಲೆಕ್ಕ. ಸರಿಯಾದ ಅಂಕೆ ಪ್ರತಿ ಕಾರಿಗೂ ಬೇರೆ, ಕಂಪನಿಯ ಪುಸ್ತಕ ನೋಡಿಯೇ ಹೇಳಬೇಕು. ಸ್ಟಾರ್ಟರ್ ಹೊಡೆದು ಎ.ಸಿ. ವೋಲ್ಟಿನಲ್ಲಿ ನೋಡಿದರು, ಒಂದು ವೋಲ್ಟಿನ ಸಮೀಪ ಬಂತು. ಇಷ್ಟಕ್ಕೇ ಬಿಟ್ಟಿದ್ದರೆ ಸೆನ್ಸಾರ್ ಪಾಸಾಗಿ ಹೋಗುತ್ತಿತ್ತು. ಅವರು ಬಿಡಲಿಲ್ಲ. ಇಂಜಿನ್ ಓಡುತ್ತಿರುವಾಗಲೇ, ಮನೆಯಿಂದ ಕೂದಲು ಒಣಗಿಸುವ ಯಂತ್ರ ತರಿಸಿ, ಸೆನ್ಸಾರಿಗೆ ಮಾತ್ರ ಬಿಸಿಗಾಳಿ ಹಿಡಿದರು. ಐದು ನಿಮಿಷ ಏನೂ ಇಲ್ಲ. ಹತ್ತು ನಿಮಿಷವಾಗುತ್ತಿದ್ದಂತೆ ಇಂಜಿನ್ ಆರಿತು, ಘಾಟಿಯಲ್ಲಿ ಆರಿದ ಹಾಗೆಯೇ. ಕೂಡಲೆ ಪ್ಲಗ್ಗು ಬಿಚ್ಚಿ ಮೀಟರ್ ಹಿಡಿದರೆ ಅಂಕೆಯೇ ಇಲ್ಲ, ಎಡಬದಿಯಲ್ಲಿ ಬರೀ ಒಂದು. ತಂತಿ ಕಡಿದಿದೆ ಎಂದರ್ಥ. ಒದ್ದೆ ಬಟ್ಟೆ ಒತ್ತಿದರು. ಎರಡು ಮೂರು ನಿಮಿಷದಲ್ಲಿ ನಮ್ಮ ಕಣ್ಣೆದುರಿಗೇ ಎಂಟುನೂರ ಚಿಲ್ಲರೆ ಹಿಂದಕ್ಕೆ ಬಂತು.

ನಾವು ಹೊಸ ಸೆನ್ಸಾರ್ ತರಿಸಿ ಎಂದು ಅವಸರ ಮಾಡಿದೆವು. “ಇರಿ, ತಂತಿಯನ್ನೂ ಕೇಳೋಣ, ಅದರ ತಪ್ಪಿಗೆ ಇದನ್ನು ತೆಗೆಯುವುದು ಬೇಡ” ಎಂದರು. ಸೆನ್ಸಾರಿನಿಂದ ಪೆಟ್ಟಿಗೆಯವರೆಗೆ ಎರಡೂ ತಂತಿಗಳನ್ನು ಅಳೆದರು, ಅಲ್ಲಾಡಿಸಿ ನೋಡಿದರು, ತಂತಿಗೂ ಪ್ಲಗ್ಗಿಗೂ ಬೇರೆಯಾಗಿ ಬಿಸಿಗಾಳಿ ಹಿಡಿದು ನೋಡಿದರು. ಪ್ಲಗ್ಗಿನೊಳಗೆ ಹಸಿರು ಕಿಲುಬು ಹಿಡಿದಿರುವುದು, ಎಣ್ಣೆ ಇಳಿದಿರುವುದು, ಇಲಿ ಕಡಿದಿರುವುದು, ಸೈಲೆನ್ಸರ್ ಪೈಪಿಗೆ ತಂತಿ ತಾಗಿ ಕರಗಿರುವುದು, ಇವೆಲ್ಲ ಇದೇ ರೋಗವನ್ನು ತೋರಿಸುತ್ತವಂತೆ. ಸೆನ್ಸಾರಿನ ತುದಿಯ ಅಯಸ್ಕಾಂತಕ್ಕೆ ಕಬ್ಬಿಣದ ಪುಡಿ ಮೆತ್ತಿಕೊಂಡಿದ್ದರೂ ಎಣಿಕೆ ತಪ್ಪುತ್ತದೆ, ಆಗ ಒರೆಸಿದರೆ ಸಾಕು. ತುದಿಗೂ ಹಲ್ಲಿಗೂ ನಡುವೆ ಇರುವ ಜಾಗ ಸುಮಾರು ಒಂದು ಮಿಲಿಮೀಟರ್ ಮಾತ್ರ, ಅದು ಹೆಚ್ಚಾದರೂ ತೊಂದರೆ. ನಮ್ಮದರಲ್ಲಿ ತಂತಿ ಶುದ್ಧವಾಗಿತ್ತು. ಆಮೇಲೆಯೇ ಒಂದು ಬೋಲ್ಟು ಬಿಚ್ಚಿ ಹಳೆಯದನ್ನು ತೆಗೆದು ಹೊಸದನ್ನು ಹಾಕಿದರು. ಸೆನ್ಸಾರಿಗೆ ಸಾವಿರದ ನಾನೂರು, ಅವರ ಕೂಲಿ ಐನೂರು. ಹೆಚ್ಚು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಮೂರು ತಂತಿಯ ಇನ್ನೊಂದು ಜಾತಿ ಇದೆ, ಹಾಲ್ ಸೆನ್ಸಾರ್ ಎನ್ನುತ್ತಾರೆ. ಅದಕ್ಕೆ ಓಮ್ ಮೀಟರ್ ಹಿಡಿಯಬಾರದು, ಕೆಡಬಹುದು. ಒಂದು ತಂತಿಯಲ್ಲಿ ಅದಕ್ಕೆ ಬೇಕಾದ ವೋಲ್ಟು ಬರುತ್ತಿದೆಯೇ, ಇನ್ನೊಂದು ಅರ್ಥಿಂಗ್ ಸರಿಯಿದೆಯೇ, ಇಂಜಿನ್ ತಿರುಗಿಸಿದಾಗ ಮೂರನೆಯದರಲ್ಲಿ ವೋಲ್ಟು ಏರಿಳಿಯುತ್ತದೆಯೇ ಎಂದು ನೋಡಬೇಕು. ನೀವೇ ಮಾಡಬಹುದಾದದ್ದು ಇಷ್ಟು: ಕಾರು ನಿಂತಾಗ ಆ ಮೂರು ಪ್ರಶ್ನೆಗಳಿಗೆ ಉತ್ತರ ನೋಡಿಟ್ಟುಕೊಳ್ಳಿ, ಸಾಧ್ಯವಾದರೆ ಬರೆದಿಟ್ಟುಕೊಳ್ಳಿ. ಸೂಜಿ ಏಳದಿರುವುದು ಸುಳಿವು ಮಾತ್ರ, ಕೆಲವು ಕಾರುಗಳಲ್ಲಿ ಅದು ಹೇಗೂ ಏಳುವುದಿಲ್ಲ. ಗ್ಯಾರೇಜಿನಲ್ಲಿ ಕಂಪ್ಯೂಟರ್ ಹಾಕಿದಾಗ, ಕಾರು ನಿಂತಿರುವ ಹೊತ್ತಿನಲ್ಲೇ ಸ್ಟಾರ್ಟರ್ ಹೊಡೆದು ಸುತ್ತು ಎಷ್ಟು ತೋರಿಸುತ್ತದೆ ಎಂದು ಕೇಳಿ. ಇನ್ನೂರರ ಹತ್ತಿರ ತೋರಿಸಿದರೆ ಸೆನ್ಸಾರ್ ಮಾತಾಡುತ್ತಿದೆ, ಬೇರೆ ಕಡೆ ಹುಡುಕಬೇಕು. ಸೊನ್ನೆ ಎಂದರೆ ಸೆನ್ಸಾರನ್ನೂ ಅದರ ತಂತಿಯನ್ನೂ ನೋಡಲು ಹೇಳಿ. ಇಂಜಿನ್ ಬಿಸಿಯಿರುವಾಗ ನೀವಾಗಿ ಕೈ ಹಾಕಬೇಡಿ, ಫ್ಯಾನು ತಾನಾಗಿ ತಿರುಗಿಬಿಡುತ್ತದೆ.

ಸಂಕಗಿರಿಯಿಂದ ಬರುವಾಗ ಮಗ ನಡೆಸುತ್ತಿದ್ದ, ನಾವು ಸುಮ್ಮನೆ ಕುಳಿತಿದ್ದೆವು. ಚಿಕ್ಕಂದಿನಲ್ಲಿ ಪಾಠಶಾಲೆಯಲ್ಲಿ ತತ್ತ್ವಾರ್ಥಸೂತ್ರದ ಮೊದಲನೆಯ ಅಧ್ಯಾಯ ಬಾಯಿಪಾಠ ಮಾಡಿಸಿದ್ದರು. ಮತಿಜ್ಞಾನಕ್ಕೆ ನಾಲ್ಕು ಮೆಟ್ಟಿಲು: ಅವಗ್ರಹ, ಈಹಾ, ಅವಾಯ, ಧಾರಣಾ. ಏನೋ ಇದೆ ಎಂದು ಕಾಣುವುದು ಅವಗ್ರಹ. ಅದು ಏನಿರಬಹುದು ಎಂದು ವಿಚಾರಿಸಿ ನೋಡುವುದು ಈಹಾ. ಇಂಥದೇ ಎಂದು ನಿಶ್ಚಯವಾಗುವುದು ಅವಾಯ. ಅದನ್ನು ಮರೆಯದೆ ಹಿಡಿದಿಟ್ಟುಕೊಳ್ಳುವುದು ಧಾರಣಾ. ಐವತ್ತು ವರ್ಷ ಪರ್ವದಿನಗಳಲ್ಲಿ ಇದನ್ನು ಹೇಳುತ್ತ ಬಂದಿದ್ದೇವೆ. ಅರ್ಥ ಕೇಳಿದರೆ ಉಪನ್ಯಾಸ ಬೇಕಾದರೂ ಕೊಡುತ್ತಿದ್ದೆವು. ಆ ಚಪ್ಪಲಿಯಿಲ್ಲದ ಮನುಷ್ಯ ಈ ಹೆಸರುಗಳನ್ನು ಕೇಳಿದವರಲ್ಲ, ಆದರೆ ಎರಡನೆಯ ಮೆಟ್ಟಿಲಿನ ಮೇಲೆ ಅರ್ಧ ದಿನ ಕುಳಿತಿದ್ದರು. ನಾವು ಕಾರು ನಿಂತದ್ದನ್ನು ಕಂಡು ಒಂದೇ ಹಾರಿಗೆ ಪೆಟ್ರೋಲ್ ಎಂದೆವು, ಎರಡು ಬಿಲ್ಲು ಇಲ್ಲದ್ದನ್ನು ಕಂಡು ಇನ್ನೊಂದು ಹಾರಿಗೆ ಕಳ್ಳ ಎಂದೆವು. ಬಾಯಿಬಿಟ್ಟು ಆ ಶಬ್ದ ಹೇಳಿರಲಿಲ್ಲ ನಿಜ. ಅವನಿಗೆ ಕೇಳಿಸಿತ್ತು.

ಆ ಎರಡು ಬಿಲ್ಲುಗಳು? ಒಂದು ಕಾರಿನ ಡ್ಯಾಷ್‌ಬೋರ್ಡಿನ ಪೆಟ್ಟಿಗೆಯಲ್ಲಿ ವಿಮೆಯ ಕಾಗದದ ಒಳಗೆ ಮಡಿಸಿದಂತೆ ಸಿಕ್ಕಿತು. ಇನ್ನೊಂದು ದಿನ ಪೆಟ್ರೋಲ್ ಹಾಕಿಸಿದ್ದು ನಾವೇ, ಧರ್ಮಪುರಿಯ ಬಂಕಿನಲ್ಲಿ, ಅಳಿಯಂದಿರನ್ನು ಬಿಡಲು ಹೋದಾಗ.

ತಿಳಿದ ಮೇಲೂ ಎರಡು ತಿಂಗಳು ಹೋಗಲಿಲ್ಲ. ಮನುಷ್ಯನ ಸ್ವಭಾವ ಎಂಥದೆಂದರೆ, ಸೆನ್ಸಾರ್ ಬದಲಾಯಿಸಿದ ಹಾಗೆ ಬೇರೆ ಡ್ರೈವರನ್ನು ಇಟ್ಟರೆ ಆಯಿತು ಎಂದೂ ಒಂದು ದಿನ ಯೋಚಿಸಿದೆವು. ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂತು. ಮುಗಿದು ಕ್ಷಮಾವಣಿಯ ದಿನ ನೆಂಟರು ಇಷ್ಟರು ಫೋನಿನಲ್ಲಿ ಉತ್ತಮ ಕ್ಷಮಾ ಹೇಳುತ್ತಿದ್ದರು, ನಾವೂ ಹೇಳುತ್ತಿದ್ದೆವು. ಯಾವ ಅಪರಾಧವನ್ನೂ ಮಾಡದವರ ಹತ್ತಿರವೆಲ್ಲ ಕ್ಷಮೆ ಕೇಳುವುದು ಎಷ್ಟು ಸುಲಭ! ಮನೆಯವರು ತಟ್ಟೆಯ ಮುಂದೆ ನಿಂತು, “ಪಾಲಕ್ಕೋಡಿಗೆ ಯಾವಾಗ ಹೋಗುತ್ತೀರಿ?” ಎಂದು ಕೇಳಿದರು. ಊಟ ಬಿಟ್ಟು ಎದ್ದೆವು.

ಅವನ ಊರು ಪಾಲಕ್ಕೋಡಿನ ಆಚೆ. ಟೊಮೆಟೊ ಮಂಡಿಗೆ ಟೆಂಪೊ ಓಡಿಸುತ್ತಿದ್ದಾನೆ ಎಂದು ಕೇಳಿದ್ದೆವು. ಮನೆಯ ಮುಂದೆ ಟೆಂಪೊ ತೊಳೆಯುತ್ತಿದ್ದ. ನಮ್ಮನ್ನು ಕಂಡು ನೀರಿನ ಪೈಪು ಕೆಳಗಿಟ್ಟು ಹೆಗಲ ಮೇಲಿನ ಟವೆಲು ತೆಗೆದ. ಆ ಮರ್ಯಾದೆ ನೋಡಿ ನಮಗೆ ಇನ್ನೂ ಕಷ್ಟವಾಯಿತು. ಗದ್ದುಗೆಯ ಮುಂದೆ ನಾಲ್ಕು ಜನರ ಎದುರಿಗೆ ಕೇಳಿದ ಮಾತಾದ್ದರಿಂದ ಅವನ ಹೆಂಡತಿ ಮಕ್ಕಳ ಎದುರಿಗೇ ಹೇಳಿದೆವು: ತಪ್ಪು ನಮ್ಮದು, ಕಾರಿನಲ್ಲಿ ಕೆಟ್ಟಿದ್ದುದು ಬೇರೆ, ನೀನು ಮೊದಲನೆಯ ದಿನವೇ ಸೂಜಿಯ ವಿಷಯ ಹೇಳಿದ್ದೆ, ನಾವು ಕೇಳಲಿಲ್ಲ, ಕ್ಷಮಿಸು. ಅವನು ತಕ್ಷಣ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಗ್ಯಾರೇಜಿನಲ್ಲೂ ಹೇಳಿದ್ದೆ ಮೊದಲಾಳಿ. ಡ್ರೈವರಿಗೆ ಏನು ಗೊತ್ತು ಎಂದು ನಕ್ಕರು. ನೀವೂ ಅಲ್ಲೇ ನಿಂತಿದ್ದಿರಿ” ಎಂದ.

ಜೇಬಿನಲ್ಲಿ ಹಳೆಯ ಸೆನ್ಸಾರ್ ಇತ್ತು, ತೋರಿಸಿದೆವು. ಕೈಯಲ್ಲಿ ತಿರುಗಿಸಿ ನೋಡಿ ಟೆಂಪೊದ ಕೀಲಿಯನ್ನು ಅದರ ತುದಿಗೆ ಹಿಡಿದ. ಅಂಟಿಕೊಂಡಿತು. ಚಿಕ್ಕ ಮಗ ಓಡಿಬಂದು ತಾನೂ ಹಿಡಿಯಬೇಕೆಂದ. ಹೆಂಡತಿ ಒಳಗಿನಿಂದ ಸೋಸಿದ ನೀರು ತಂದಳು. ಹದಿನಾಲ್ಕು ವರ್ಷದಲ್ಲಿ ನಮ್ಮ ಮನೆಯ ಕ್ರಮ ಅವರಿಗೂ ಗೊತ್ತಿತ್ತು.

ಹಿಂದಕ್ಕೆ ಬಾ ಎಂದು ಕರೆದೆವು. ಟೆಂಪೊಗೆ ಸಾಲ ಮಾಡಿದ್ದೇನೆ, ಕಂತು ಕಟ್ಟಬೇಕು, ಬರುವುದಿಲ್ಲ ಎಂದ. ಅದು ಪೂರ್ತಿ ಕಾರಣವೋ ಅಲ್ಲವೋ ನಾವು ವಿಚಾರಿಸಲಿಲ್ಲ. ಬರಬೇಕಾಗಿದ್ದ ಮೂರು ತಿಂಗಳ ಬೋನಸ್ಸಿನ ಲೆಕ್ಕ ಹೇಳಿದಾಗ ಎಣಿಸಿ ತೆಗೆದುಕೊಂಡ. ಈಗ ಧರ್ಮಪುರಿಗೆ ಟೊಮೆಟೊ ತಂದ ದಿನ ಅಂಗಡಿಯ ಮುಂದೆ ಟೆಂಪೊ ನಿಧಾನ ಮಾಡಿ, ಕೆಲವು ಸಲ ಇಳ
ಿದು ಬರುತ್ತಾನೆ, ಕೆಲವು ಸಲ ಹಾರ್ನ್ ಹೊಡೆದು ಹೋಗುತ್ತಾನೆ. ಆ ಹಳೆಯ ಸೆನ್ಸಾರ್ ಅವನ ಮಗನ ಹತ್ತಿರವೇ ಉಳಿಯಿತು.